ಸೊಂಟ ಅಳೆಯುವುದು ಯಾಕೆ ಅಂತ ಹೇಳಿ: ಆರೋಗ್ಯ ಸಚಿವರಿಗೆ ಟೈಲರ್ ಒಬ್ಬಳ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಮುಟ್ಟು ನಿಂತ ಹೆಂಗಸರ ತೂಕ, ಸೊಂಟದ ಅಳತೆ ಮತ್ತು ಸ್ತನ ಕ್ಯಾನ್ಸರ್ ಬಗ್ಗೆ.

ಮಾನ್ಯರೇ,

ನಾನು ಬಯಲುಸೀಮೆಯ ಒಂದು ಹೋಬಳಿ ಊರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. 1998ರಿಂದ ಇದೇ ಕೆಲಸ. ಡಾಕ್ಟರಲ್ಲ, ನರ್ಸಲ್ಲ, ಯಾವ ಸಂಘದವಳೂ ಅಲ್ಲ. ಆದರೆ ನಮ್ಮೂರ ಹೆಂಗಸರ ಅಳತೆ ನನಗೆ ಗೊತ್ತಿರುವಷ್ಟು ನಿಮ್ಮ ಇಲಾಖೆಗೆ ಗೊತ್ತಿರಲಿಕ್ಕಿಲ್ಲ. ನನ್ನ ಹತ್ತಿರ ಹದಿನಾಲ್ಕು ಅಳತೆ ಪುಸ್ತಕಗಳಿವೆ. ಹೆಸರು, ಎದೆ, ಸೊಂಟ, ತೋಳು, ರಟ್ಟೆ, ತಾರೀಖು. ಒಬ್ಬಳೇ ಹೆಂಗಸಿನ ಅಳತೆ ಮದುವೆಯ ವರ್ಷದಿಂದ ಮೊಮ್ಮಗಳ ನಾಮಕರಣದವರೆಗೆ ಸಿಗುತ್ತದೆ.

ನಮ್ಮ ಕಸುಬಿನ ಒಂದು ಮಾತು ಹೇಳುತ್ತೇನೆ. ಬ್ಲೌಸ್ ಹೊಲಿಯುವಾಗ ಎರಡೂ ಪಕ್ಕದಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಟ್ಟು ಮೂರು ಸಾಲು ಹೊಲಿಗೆ ಹಾಕುತ್ತೇವೆ. ಮುಂದೆ ಮೈ ಬಂದರೆ ಒಂದೊಂದೇ ಸಾಲು ಬಿಚ್ಚಬಹುದು ಅಂತ. ಮೊದಲ ಸಾಲು ಬಾಣಂತನ ಮುಗಿದ ಮೇಲೆ ಬಿಚ್ಚುತ್ತದೆ. ಎರಡನೆಯದು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡ ಮೇಲೆ. ಮೂರನೆಯದು ಮುಟ್ಟು ನಿಲ್ಲುವ ಹೊತ್ತಿಗೆ. ಆಮೇಲೆ ಬಿಚ್ಚಲು ಏನೂ ಉಳಿದಿರುವುದಿಲ್ಲ, ಕಂಕುಳ ಕೆಳಗೆ ಬೇರೆ ಬಟ್ಟೆಯ ಪಟ್ಟಿ ಕೊಡಬೇಕು. ಈ ಪಟ್ಟಿ ಕೊಡುವ ಕೆಲಸ ಹತ್ತು ವರ್ಷದಿಂದ ನನಗೆ ತುಂಬಾ ಜಾಸ್ತಿಯಾಗಿದೆ. ಸುಮ್ನೆ ನನ್ನ ಅಂದಾಜು ಅಂತ ತಿಳಿಯಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದನ್ನೇ ಹೇಳುತ್ತದೆ. 2015-16ರಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇ 23ರಷ್ಟು ಜನರ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. 2019-20ರ ಹೊತ್ತಿಗೆ ಅದು ಶೇ 30 ಆಗಿದೆ. ಆ ಸಮೀಕ್ಷೆ ಎಣಿಸಿದ್ದು 15ರಿಂದ 49 ವರ್ಷದವರನ್ನು ಮಾತ್ರ. ನನ್ನ ಪಟ್ಟಿ ಬ್ಲೌಸಿನ ಹೆಂಗಸರು ಹೆಚ್ಚಿನವರು 49 ದಾಟಿದವರು. ಆ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ.

ಈ ಪತ್ರ ಬರೆಯಲು ಕಾರಣ ನನ್ನ ಅಕ್ಕ.

ಎರಡು ವರ್ಷದ ಹಿಂದೆ ಒಂದು ತಪಾಸಣಾ ಶಿಬಿರ ನಡೆಯಿತು. ಎಲ್ಲಿ, ಯಾರು ಮಾಡಿದ್ದು ಅಂತ ಬರೆಯುವುದಿಲ್ಲ. ಅಲ್ಲಿ ಕೂತಿದ್ದ ಹುಡುಗಿಯ ಕೆಲಸ ಹೋಗಲಿ ಅಂತ ನನ್ನ ಆಸೆಯಲ್ಲ. 30 ದಾಟಿದವರೆಲ್ಲ ಬನ್ನಿ ಅಂದರು. ಅಕ್ಕನನ್ನು ಕರೆದುಕೊಂಡು ಹೋದೆ. ಆಗ ಅವಳಿಗೆ 56. ಮುಟ್ಟು ನಿಂತು ಏಳು ವರ್ಷವಾಗಿತ್ತು. ಒಂದೇ ಕೋಣೆ. ಒಂದು ಮೂಲೆಯಲ್ಲಿ ಗಂಡಸರಿಗೆ ಬಿಪಿ ನೋಡುತ್ತಿದ್ದರು, ಇನ್ನೊಂದು ಮೂಲೆಯಲ್ಲಿ ಹೆಂಗಸರಿಗೆ ಫಾರಂ ತುಂಬುತ್ತಿದ್ದರು. ಕಿಟಕಿಗೆ ಪರದೆ ಇರಲಿಲ್ಲ. ಹೊರಗೆ ಹುಡುಗರು ಬೈಕಿನ ಮೇಲೆ ಕೂತು ಒಳಗೆ ನೋಡುತ್ತಿದ್ದರು.

ಆ ಫಾರಂನಲ್ಲಿ ಸೊಂಟದ ಸುತ್ತಳತೆಗೆ ಒಂದು ಸಾಲಿದೆ. ಹೆಂಗಸಿಗೆ 80 ಸೆಂಟಿಮೀಟರ್ ಅಥವಾ ಕಡಿಮೆ ಇದ್ದರೆ ಸೊನ್ನೆ ಅಂಕ, 81ರಿಂದ 90 ಇದ್ದರೆ ಒಂದು, 90 ದಾಟಿದರೆ ಎರಡು. ಹುಡುಗಿ ಟೇಪು ತೆಗೆಯಲಿಲ್ಲ. ಅಕ್ಕನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ 80 ಅಂತ ಬರೆದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅಕ್ಕನ ಸೊಂಟ 40 ಇಂಚು ಅಂತ ನನಗೆ ಬಾಯಿಪಾಠ. ಅಂದರೆ 101 ಸೆಂಟಿಮೀಟರ್‌ಗೂ ಮೇಲೆ. ನನ್ನ ಟೇಪು ಪರ್ಸಿನಲ್ಲೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ಅದು ಶುಗರಿನ ವಿಷಯ ಇರಬೇಕು, ಅಕ್ಕನಿಗೆ ಶುಗರ್ ಇಲ್ಲವಲ್ಲ ಅಂದುಕೊಂಡೆ. ಇವತ್ತಿಗೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ.

ಸ್ತನದ ತಪಾಸಣೆ ಅಂದರೆ ಒಂದು ಪ್ರಶ್ನೆ. "ಗಂಟು ಗಿಂಟು ಏನಾದ್ರೂ ಇದೆಯಾ ಅಮ್ಮ?" ಅದೂ ಗಂಡಸರು ಕೇಳಿಸಿಕೊಳ್ಳುವ ಹಾಗೆ. ಅಕ್ಕ ತಲೆ ಅಲ್ಲಾಡಿಸಿದಳು. ಟಿಕ್ ಹಾಕಿದರು. ಮುಟ್ಟಿ ನೋಡಲಿಲ್ಲ. ನೋಡುವ ಜಾಗವೂ ಅದಾಗಿರಲಿಲ್ಲ.

ಹನ್ನೊಂದು ತಿಂಗಳ ಮೇಲೆ ಸ್ನಾನ ಮಾಡುವಾಗ ಬಲಗಡೆ ಅಡಿಕೆಯಷ್ಟು ಗಂಟು ಅವಳ ಕೈಗೆ ಸಿಕ್ಕಿತು. ನೋವಿಲ್ಲವಲ್ಲ ಅಂತ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಆಮೇಲಿನದು ನಿಮಗೆ ಗೊತ್ತಿರುವ ಕಥೆಯೇ. ಬೆಂಗಳೂರು, ಸೂಜಿ ಪರೀಕ್ಷೆ, ಆಪರೇಷನ್, ಕೀಮೋ, ಕರೆಂಟು (ರೇಡಿಯೇಷನ್). ಅಕ್ಕ ಈಗ ಚೆನ್ನಾಗಿದ್ದಾಳೆ. ದಿನಾ ಒಂದು ಲೆಟ್ರೊಜೋಲ್ ಮಾತ್ರೆ ನುಂಗುತ್ತಾಳೆ. ಐದು ವರ್ಷ ನುಂಗಬೇಕಂತೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ ಅಂತ ಗೊಣಗುತ್ತಾಳೆ.

ಆ ಮಾತ್ರೆಯಿಂದಲೇ ನನಗೆ ಈ ವಿಷಯ ತಿಳಿದದ್ದು. ಆಪರೇಷನ್ ಆದ ಮೇಲೆ ಡಾಕ್ಟರಮ್ಮ, ಇದು ಹಾರ್ಮೋನ್ ತಿಂದು ಬೆಳೆಯುವ ಗೆಡ್ಡೆ, ಅದಕ್ಕೆ ಹಾರ್ಮೋನ್ ಸಿಗದ ಹಾಗೆ ಮಾಡಬೇಕು ಅಂದರು. ನಾನು ಕೇಳಿದೆ: "ಮುಟ್ಟು ನಿಂತು ಏಳೆಂಟು ವರ್ಷ ಆಯ್ತಲ್ಲ ಮೇಡಂ, ಇನ್ನೆಲ್ಲಿ ಹಾರ್ಮೋನು?" ಅವರು ಅಕ್ಕನ ಫೈಲು ತಿರುಗಿಸಿ ಹಿಂದೆ ಪೆನ್ನಿನಲ್ಲಿ ಒಂದು ಹೊಟ್ಟೆ ಬರೆದರು. ಹೊಟ್ಟೆಯ ಸುತ್ತ ಕೊಬ್ಬು ಬರೆದರು. "ಇಲ್ಲಿಂದ" ಅಂದರು.

ಆ ಫೈಲು ಈಗಲೂ ನಮ್ಮ ಮನೆಯಲ್ಲಿದೆ. ಆ ಮೇಲೆ ನರ್ಸಿಂಗ್ ಓದುವ ನನ್ನ ಮಗಳನ್ನು ಕೂರಿಸಿಕೊಂಡು ಅವಳ ಪುಸ್ತಕದಿಂದ, ಫೋನಿನಿಂದ ಓದಿಸಿ ಕೇಳಿದೆ. ನನಗೆ ಅರ್ಥವಾದದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ನಿಮ್ಮ ಇಲಾಖೆಯ ಡಾಕ್ಟರುಗಳಿಗೆ ಇದೆಲ್ಲ ಗೊತ್ತಿರುವುದೇ. ಗೊತ್ತಿರುವುದು ಆ ಟೇಪಿನ ತನಕ ಬಂದಿಲ್ಲ ಅನ್ನುವುದೇ ನನ್ನ ದೂರು.

ಕೊಬ್ಬು ಅಂದರೆ ದಿಂಬಿನೊಳಗಿನ ಹತ್ತಿಯ ಹಾಗೆ ಸುಮ್ನೆ ಬಿದ್ದಿರುವ ವಸ್ತು ಅಂತ ನಾನು ತಿಳಿದಿದ್ದೆ. ಬಹಳ ಕಾಲ ಡಾಕ್ಟರುಗಳೂ ಅದನ್ನು ಬರೀ ಉಗ್ರಾಣ ಅಂದುಕೊಂಡಿದ್ದರಂತೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಜೊತೆಗಾರರು ಕೊಬ್ಬಿನಿಂದಲೇ ಹುಟ್ಟುವ ಒಂದು ಹಾರ್ಮೋನನ್ನು ಪತ್ತೆ ಮಾಡಿದರು. ಹೆಸರು ಲೆಪ್ಟಿನ್. ಮೈಯಲ್ಲಿ ಸಾಕಷ್ಟು ದಾಸ್ತಾನಿದೆ, ಊಟ ಸಾಕು ಅಂತ ಮೆದುಳಿಗೆ ಹೇಳುವುದು ಅದರ ಕೆಲಸ. ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಹೆಚ್ಚುತ್ತದೆ. ಆದರೆ ದಿನಾ ಕೂಗುವವರ ಮಾತು ಮನೆಯಲ್ಲಿ ಯಾರೂ ಕೇಳುವುದಿಲ್ಲ ನೋಡಿ, ಹಾಗೆ ಮೆದುಳೂ ಅದಕ್ಕೆ ಕಿವಿಗೊಡುವುದನ್ನು ಬಿಡುತ್ತದೆ. ಒಂದೆರಡು ವರ್ಷದಲ್ಲೇ ಇನ್ನೊಂದು ಹಾರ್ಮೋನು ಸಿಕ್ಕಿತು, ಅಡಿಪೊನೆಕ್ಟಿನ್. ಇದರ ದಾರಿ ಉಲ್ಟಾ. ಕೊಬ್ಬು ಹೆಚ್ಚಿದರೆ ಇದು ಕಡಿಮೆಯಾಗುತ್ತದೆ.

ಲ್ಯಾಬಿನಲ್ಲಿ ಸ್ತನದ ಕ್ಯಾನ್ಸರ್ ಕೋಶಗಳ ಮೇಲೆ ಲೆಪ್ಟಿನ್ ಹಾಕಿದರೆ ಅವು ಚುರುಕಾಗಿ ಬೆಳೆಯುತ್ತವೆ. ಅಡಿಪೊನೆಕ್ಟಿನ್ ಹಾಕಿದರೆ ಬೆಳವಣಿಗೆ ಕುಗ್ಗುತ್ತದೆ. ಹೊಲಿಗೆ ಯಂತ್ರದಲ್ಲಿ ಒಂದು ಪೆಡಲ್ಲು, ಇನ್ನೊಂದು ಚಕ್ರ ಹಿಡಿದು ನಿಲ್ಲಿಸುವ ಕೈ ಅಂದುಕೊಳ್ಳಿ. ಮೈ ತೂಕ ಏರಿದಾಗ ಪೆಡಲ್ ತುಳಿಯುವುದು ಜೋರಾಗುತ್ತದೆ, ಕೈ ಸಡಿಲವಾಗುತ್ತದೆ. ಆದರೆ ಲ್ಯಾಬಿನ ತಟ್ಟೆಯೇ ಬೇರೆ, ಹೆಂಗಸಿನ ಮೈಯೇ ಬೇರೆ. ಹೆಂಗಸರ ರಕ್ತದಲ್ಲಿ ಈ ಎರಡನ್ನೂ ಅಳೆದ ಅಧ್ಯಯನಗಳು ಎಲ್ಲವೂ ಒಂದೇ ಮಾತು ಹೇಳುವುದಿಲ್ಲ ಅಂತ ಮಗಳು ಓದಿ ಹೇಳಿದಳು. ಹಾಗಾಗಿ ಲೆಪ್ಟಿನ್ ಟೆಸ್ಟ್ ಮಾಡಿಸಿ ಅಂತ ನಾನು ಕೇಳುತ್ತಿಲ್ಲ. ಈ ಪತ್ರ ಓದಿದ ಯಾರಾದರೂ ಲ್ಯಾಬಿಗೆ ಹೋಗಿ ಸಾವಿರಗಟ್ಟಲೆ ಕೊಟ್ಟು ಅದನ್ನು ಮಾಡಿಸುವುದೂ ಬೇಡ.

ಗಟ್ಟಿಯಾಗಿ ಗೊತ್ತಿರುವುದು ಡಾಕ್ಟರಮ್ಮ ಫೈಲಿನ ಹಿಂದೆ ಬರೆದದ್ದು. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೊಜೆನ್ ಅನ್ನುವ ಹೆಣ್ಣಿನ ಹಾರ್ಮೋನು (ಅಕ್ಕನ ಗೆಡ್ಡೆ ತಿಂದು ಬೆಳೆದದ್ದು ಇದನ್ನೇ) ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ. ಆದರೆ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಬೇರೆ ಹಾರ್ಮೋನುಗಳನ್ನು ಬಿಡುತ್ತಲೇ ಇರುತ್ತದೆ. ಕೊಬ್ಬಿನಲ್ಲಿ ಅರೊಮಟೇಸ್ ಅನ್ನುವ ಕಿಣ್ವವಿದೆ. ಅದು ಆ ಹಾರ್ಮೋನುಗಳನ್ನು ಹಿಡಿದು ಈಸ್ಟ್ರೊಜೆನ್ ಮಾಡಿಬಿಡುತ್ತದೆ. ಸ್ತನದೊಳಗೂ ಕೊಬ್ಬೇ ತಾನೇ ಇರುವುದು, ಅಲ್ಲೂ ಇದೇ ಕೆಲಸ. ಕೊಬ್ಬು ಜಾಸ್ತಿ ಇದ್ದಷ್ಟೂ ಈಸ್ಟ್ರೊಜೆನ್ ಜಾಸ್ತಿ. ಅಕ್ಕ ನುಂಗುವ ಲೆಟ್ರೊಜೋಲ್ ಈ ಅರೊಮಟೇಸನ್ನೇ ಕಟ್ಟಿಹಾಕುವ ಮಾತ್ರೆ. ಕ್ಯಾನ್ಸರ್ ಬಂದ ಮೇಲೆ ಐದು ವರ್ಷ ಮಾತ್ರೆ ಕೊಟ್ಟು ನಿಲ್ಲಿಸುವ ಈ ಕೆಲಸ ಕೊಬ್ಬಿನಲ್ಲಿ ನಡೆಯುತ್ತದೆ ಅಂತ, ಕ್ಯಾನ್ಸರ್ ಬರುವ ಮೊದಲೇ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಇದೇನು ಹೊಸ ಸುದ್ದಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲೇ ಮೈಯ ಹೆಚ್ಚುವರಿ ಕೊಬ್ಬಿಗೂ 13 ಬಗೆಯ ಕ್ಯಾನ್ಸರಿಗೂ ಸಂಬಂಧವಿದೆ, ಅದಕ್ಕೆ ಸಾಕಷ್ಟು ಪುರಾವೆ ಇದೆ ಅಂತ ಹೇಳಿತು. ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್ ಆ ಹದಿಮೂರರಲ್ಲಿ ಒಂದು. ಅದಕ್ಕೂ ಮೊದಲು, 2008ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಲೆಕ್ಕದ ಪ್ರಕಾರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಐದು ಅಂಕ ಏರಿದರೆ ಈ ಅಪಾಯ ಸುಮಾರು ಶೇ 12 ಏರುತ್ತದೆ. ಐದಡಿ ಎತ್ತರದವಳಿಗೆ ಐದು ಅಂಕ ಅಂದರೆ 11-12 ಕೆಜಿ. ನೂರು ಜನಕ್ಕೆ ಬರುವ ಕಡೆ ನೂರಾಹನ್ನೆರಡು ಜನಕ್ಕೆ ಬರುತ್ತದೆ ಅಂತ ಅರ್ಥ.

ಈ ಲೆಕ್ಕ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಅದಕ್ಕೇ ಇದನ್ನು ಹೇಳುವ ರೀತಿ ಮುಖ್ಯ. ಮಗಳು ಇದನ್ನು ಓದಿದ ದಿನ ಅಕ್ಕ ಊಟದ ತಟ್ಟೆ ಸರಿಸಿ ಕೇಳಿದಳು: "ಹಾಗಾದ್ರೆ ನಾನು ತಿಂದಿದ್ದಕ್ಕೇ ಬಂತಾ?" ಇಲ್ಲ. ನನ್ನ ಗಿರಾಕಿಯೊಬ್ಬರು ಕಡ್ಡಿಯ ಹಾಗಿದ್ದರು, ಎದೆ ಅಳತೆ 30 ದಾಟಿರಲಿಲ್ಲ, 38ನೇ ವಯಸ್ಸಿಗೇ ಅವರಿಗೆ ಬಂತು. ಹಾರ್ಮೋನಿಗೆ ಸಂಬಂಧವೇ ಇಲ್ಲದ ಬಗೆಯೂ ಇದೆ. ಇನ್ನೂ ತಮಾಷೆಯೆಂದರೆ, ಮುಟ್ಟು ನಿಲ್ಲುವ ಮೊದಲಿನ ವಯಸ್ಸಿನಲ್ಲಿ ಲೆಕ್ಕ ತಿರುಗುಮುರುಗು. ಆ ವಯಸ್ಸಿನಲ್ಲಿ ತುಸು ಮೈ ತುಂಬಿದವರಿಗೆ ಸ್ತನ ಕ್ಯಾನ್ಸರ್ ಅಪಾಯ ಕಡಿಮೆಯೇ ಕಂಡಿದೆ. ಹಾಗಾಗಿ ದಪ್ಪಗಿರುವವರಿಗೆಲ್ಲ ಕ್ಯಾನ್ಸರ್ ಅಂತ ಗೋಡೆ ಬರಹ ಬರೆಸಿಬಿಟ್ಟರೆ ಅದು ಸುಳ್ಳೂ ಆಗುತ್ತದೆ, ಹೆಂಗಸರು ಶಿಬಿರಕ್ಕೆ ಬರುವುದನ್ನೂ ನಿಲ್ಲಿಸುತ್ತಾರೆ. ಮೊದಲೇ ನಮ್ಮವರಿಗೆ ಟೇಪು ಕಂಡರೆ ನಾಚಿಕೆ. ಅಂಗಡಿಗೆ ಬಂದರೂ ಅಳತೆ ಬ್ಲೌಸ್ ಕೊಟ್ಟು, "ಇದಕ್ಕಿಂತ ಸ್ವಲ್ಪ ಲೂಸ್ ಮಾಡಿ" ಅಂತ ಹೇಳಿ ಹೋಗುವವರೇ ಜಾಸ್ತಿ.

ಈಗ ನಾನು ಕೇಳುವುದನ್ನು ಕೇಳುತ್ತೇನೆ.

ಆ ಫಾರಂ ತುಂಬುವ ಪ್ರತಿ ಕಡೆಯೂ ಸೊಂಟವನ್ನು ನಿಜವಾಗಿ ಅಳೆಯಲಿ. 2024ರಲ್ಲಿ ಕೋಲಾರದಿಂದ ಶುರುವಾದ ನಿಮ್ಮ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ಬಂದು ಶುಗರ್, ಬಿಪಿ, ಕ್ಯಾನ್ಸರ್ ತಪಾಸಣೆ ಮಾಡುವ ಯೋಜನೆ. ಅದರಲ್ಲಿ ಇದಕ್ಕೆ ಒಳ್ಳೆ ಅವಕಾಶವಿದೆ. ಅಳೆಯುವುದು ಎಲ್ಲಿ ಅಂತ ಮೊದಲು ಕಲಿಸಿ. ಟೈಲರ್ ಸೊಂಟವೇ ಬೇರೆ, ಡಾಕ್ಟರ ಸೊಂಟವೇ ಬೇರೆ. ಡಾಕ್ಟರ ಸೊಂಟ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ಸೀರೆ ಉಟ್ಟವಳಿಗೆ ಅಲ್ಲೇ ಹತ್ತಿರದಲ್ಲಿ ಲಂಗದ ಲಾಡಿ, ಮುಂದೆ ನೆರಿಗೆಯ ಕಟ್ಟು. ಅದರ ಮೇಲೆ ಟೇಪು ಸುತ್ತಿದರೆ ಎರಡು ಇಂಚು ಸುಳ್ಳು ಬರುತ್ತದೆ. ಸೆರಗು ಸರಿಸಿ, ಲಾಡಿ ತುಸು ಕೆಳಗಿಳಿಸಿ, ಉಸಿರು ಬಿಟ್ಟಾಗ ಅಳೆಯಬೇಕು. ಹೆಂಗಸರು ಟೇಪು ಬಿದ್ದ ಕೂಡಲೇ ಉಸಿರು ಹಿಡಿಯುತ್ತಾರೆ. ನನ್ನ ಅಂಗಡಿಯಲ್ಲಿ ನಾನು ಏನಾದರೂ ಮಾತಾಡಿಸುತ್ತೇನೆ. ಮಾತಾಡುವಾಗ ಯಾರಿಗೂ ಹೊಟ್ಟೆ ಎಳೆದುಕೊಳ್ಳಲು ಆಗುವುದಿಲ್ಲ. ಹಾಗೇ, ದಯವಿಟ್ಟು ಸೆಂಟಿಮೀಟರ್ ಇರುವ ಟೇಪು ಕೊಡಿ. ಬರೀ ಇಂಚಿನ ಟೇಪು ಹಿಡಿದು ಮನಸ್ಸಿನಲ್ಲೇ ಗುಣಿಸುವ ಕಷ್ಟಕ್ಕೆ ಎಷ್ಟೋ ಕಡೆ ಅಂದಾಜು ಬರೆಯುತ್ತಾರೆ.

ಅಳೆದ ಮೇಲೆ ಒಂದು ಮಾತು ಹೇಳಲಿ. ಈಗ ಹೇಳಿದರೆ ಶುಗರ್, ಬಿಪಿ ಅಂತ ಹೇಳುತ್ತಾರೆ. 50 ದಾಟಿದವಳಿಗೆ ಆಶಾ ಇಷ್ಟು ಹೇಳಿದರೆ ಸಾಕು: "ಅಮ್ಮ, ಮುಟ್ಟು ನಿಂತ ಮೇಲೆ ಹೊಟ್ಟೆ ಕೊಬ್ಬೇ ಹಾರ್ಮೋನ್ ಮಾಡುತ್ತೆ. ಅದು ಎದೆಗೆ ಒಳ್ಳೇದಲ್ಲ. ಸ್ವಲ್ಪ ಇಳಿಸಿದರೂ ಲಾಭ ಇದೆ. ಸಣ್ಣಗಿದ್ದರೂ ಎದೆ ತಪಾಸಣೆ ಬಿಡಬೇಡಿ." ಅರ್ಧ ನಿಮಿಷದ ಮಾತು. ಸ್ವಲ್ಪ ಅಂದರೆ ಎಷ್ಟು ಅಂತ ಕೇಳಿದರೂ ಉತ್ತರವಿದೆ. ಅಮೆರಿಕದಲ್ಲಿ ಮುಟ್ಟು ನಿಂತ 61 ಸಾವಿರ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2018ರಲ್ಲಿ ಬಂತು. ಮೂರು ವರ್ಷದಲ್ಲಿ ತಮ್ಮ ತೂಕದ ಶೇ 5 ಅಥವಾ ಹೆಚ್ಚು ಇಳಿಸಿದವರಲ್ಲಿ, ತೂಕ ಹಾಗೇ ಇದ್ದವರಿಗಿಂತ ಸ್ತನ ಕ್ಯಾನ್ಸರ್ ಶೇ 12ರಷ್ಟು ಕಡಿಮೆ ಇತ್ತು. 70 ಕೆಜಿಯವಳಿಗೆ ಅದು ಮೂರೂವರೆ ಕೆಜಿ. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ, ಒಂದು ಸಾಲು ಹೊಲಿಗೆ ವಾಪಸ್ ಹಾಕುವಷ್ಟು.

ಹೇಳಿದರೆ ಮಾಡುತ್ತಾರಾ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಎಲ್ಲರೂ ಮಾಡುವುದಿಲ್ಲ. ನಮ್ಮ ಹೆಂಗಸರು ಉಳಿದ ಅನ್ನ ಚೆಲ್ಲಲಾಗದೆ ತಿನ್ನುವವರು. ಹೊಲದ ಕೆಲಸ ಬಿಟ್ಟು ಮನೆ ಸೇರಿದ ಮೇಲೆ ಮೈಗೆ ದಣಿವಿಲ್ಲ, ಮನಸ್ಸಿಗೆ ಮಾತ್ರ ಬಿಡುವಿಲ್ಲ. ಸಂಜೆ ಹೊತ್ತು 55ರ ಹೆಂಗಸು ವಾಕಿಂಗ್ ಅಂತ ಹೊರಟರೆ ನಮ್ಮೂರಿನಲ್ಲಿ ಇನ್ನೂ ನಗುತ್ತಾರೆ. ಬೀದಿ ದೀಪವೂ ಇಲ್ಲ. ಇದೆಲ್ಲ ನಿಮ್ಮ ಇಲಾಖೆಯ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಯಾಕೆ ಅಂತ ಗೊತ್ತಾದರೆ ಕೆಲವರಾದರೂ ನಗುವವರನ್ನು ನಗಲು ಬಿಟ್ಟು ನಡೆಯುತ್ತಾರೆ. ಅಕ್ಕ ಈಗ ದಿನಾ ಕೆರೆ ಏರಿಯ ಮೇಲೆ ಹೋಗಿ ಬರುತ್ತಾಳೆ. ಅವಳ ಜೊತೆ ಇನ್ನೂ ನಾಲ್ಕು ಜನ.

ಇನ್ನೊಂದು, ಎದೆ ತಪಾಸಣೆಯನ್ನು ಪ್ರಶ್ನೆ ಕೇಳಿ ಮುಗಿಸಬೇಡಿ. ತರಬೇತಾದ ಕೈಯಿಂದ ಮುಟ್ಟಿ ನೋಡಿಸಿ. ಮುಂಬೈಯ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನವರು 1998ರಿಂದ ಇಪ್ಪತ್ತು ವರ್ಷ, ಒಂದೂವರೆ ಲಕ್ಷ ಹೆಂಗಸರ ಮೇಲೆ ಇದನ್ನು ನೋಡಿದ್ದಾರೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಲ್ಲಿ ಪರೀಕ್ಷೆ ಮಾಡಿದ ಕಡೆ ಕಾಯಿಲೆ ಬೇಗ ಸಿಕ್ಕಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವುದು ಸುಮಾರು ಶೇ 30 ಕಡಿಮೆಯಾಯಿತು. ಸ್ತನದ ಎಕ್ಸ್-ರೇ ತೆಗೆಯುವ ಮ್ಯಾಮೊಗ್ರಾಂ ಯಂತ್ರವಿಲ್ಲದೆ, ಬರೀ ಕೈಯಿಂದ. ಅದೇ ನಮ್ಮ ದೇಶದಲ್ಲಿ, 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಎದೆ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ, ಶೇ 0.9 ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಒಂದೇ ವರ್ಷ, 2022ರಲ್ಲಿ, ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಈ ಕಾಯಿಲೆ ಬಂದಿದೆ ಅಂತ ಅಂದಾಜಿದೆ. ಆ ವರ್ಷ ತೀರಿಕೊಂಡವರು 98 ಸಾವಿರ.

ಆಶಾ ಕಾರ್ಯಕರ್ತೆಯರ ತಲೆ ಮೇಲೆ ಇನ್ನೊಂದು ಹೊರೆ ಹಾಕಿ ಅಂತ ನಾನು ಬರೆಯುತ್ತಿಲ್ಲ. ಅವರ ಯೂನಿಫಾರಂ ಬ್ಲೌಸುಗಳನ್ನೂ ನಾನೇ ಹೊಲಿಯುತ್ತೇನೆ. ಒಂದು ದಿನಕ್ಕೆ ಎಷ್ಟು ಮನೆ, ಎಷ್ಟು ಫಾರಂ, ಎಷ್ಟು ಫೋಟೋ ಅಂತ ಅವರ ಬಾಯಲ್ಲೇ ಕೇಳಿದ್ದೇನೆ. ನೂರು ಫಾರಂ ತುಂಬಬೇಕು ಅಂದರೆ ಸೊಂಟ ಕಣ್ಣಳತೆಯಲ್ಲೇ ಮುಗಿಯುತ್ತದೆ. ದಿನಕ್ಕೆ ಇಪ್ಪತ್ತೇ ಸಾಕು, ಸರಿಯಾಗಿ ನೋಡಿ ಅಂತ ಹೇಳುವ ಅಧಿಕಾರ ನಿಮಗಿದೆ. ಆ ಇಪ್ಪತ್ತಕ್ಕೆ ಕೊಡುವ ದುಡ್ಡು ಸರಿಯಾಗಿರಲಿ, ತಡವಾಗದಿರಲಿ.

ಆ ದಿನ ಟೇಪು ಹಿಡಿದಿದ್ದರೆ ಅಕ್ಕನಿಗೆ ಕ್ಯಾನ್ಸರ್ ಬರುತ್ತಿರಲಿಲ್ಲ ಅಂತ ನಾನು ಹೇಳಲಾರೆ. ಏಳು ವರ್ಷದ ಕೊಬ್ಬು ಒಂದು ಮಧ್ಯಾಹ್ನದಲ್ಲಿ ಕರಗುವುದಿಲ್ಲ. ಆದರೆ ಸೊನ್ನೆಯ ಜಾಗದಲ್ಲಿ ಎರಡು ಅಂಕ ಬಿದ್ದಿದ್ದರೆ ಅವಳ ಮೊತ್ತ ನಾಲ್ಕು ದಾಟುತ್ತಿತ್ತು. ನಾಲ್ಕು ದಾಟಿದವರನ್ನು ಮೊದಲು ಕರೆದು ತಪಾಸಣೆ ಮಾಡಿ ಅಂತ ಆ ಫಾರಂನಲ್ಲೇ ಇದೆ. ಯಾರಾದರೂ ಒಳಗೆ ಕರೆದು ಎದೆ ಮುಟ್ಟಿ ನೋಡಿದ್ದರೆ ಅಡಿಕೆ ಗಾತ್ರ ಆಗುವ ಮೊದಲೇ ಸಿಗುತ್ತಿತ್ತೇನೋ.

ಆಪರೇಷನ್ ಆದ ಮೇಲೆ ಅಕ್ಕನಿಗೆ ಬ್ಲೌಸ್ ಹೊಲಿಯಲು ನಾನು ಮೂರು ಸಲ ಸೋತೆ. ಬಲಗಡೆ ಒಳಗೆ ಒಂದು ಜೇಬು ಹೊಲಿದು ಹತ್ತಿ ತುಂಬಿದೆ. ಹತ್ತಿಗೆ ಭಾರವಿಲ್ಲ. ಕೈ ಎತ್ತಿದರೆ ಅದು ಭುಜದ ಕಡೆ ಏರುತ್ತಿತ್ತು. ಆಮೇಲೆ ಹತ್ತಿಯ ನಡುವೆ ಸಣ್ಣ ಚೀಲದಲ್ಲಿ ಸಾಸಿವೆ ಇಟ್ಟು ಹೊಲಿದೆ. ಒಂದು ಹಿಡಿ ಸಾಕಾಗಲಿಲ್ಲ, ಎರಡು ಹಿಡಿ ಹಾಕಿದೆ. ಎಡಗಡೆಗೆ ಸಮ ಬಂತು. ಅಕ್ಕ ಕನ್ನಡಿ ಮುಂದೆ ಬಹಳ ಹೊತ್ತು ನಿಂತು ಸೆರಗು ಸರಿ ಮಾಡಿಕೊಂಡಳು. ಈಗ ಸುತ್ತಲ ಊರುಗಳಿಂದ ಇಂಥ ಬ್ಲೌಸಿಗಾಗಿ ಆರು ಜನ ನನ್ನ ಹತ್ತಿರ ಬರುತ್ತಾರೆ. ಅವರಿಗೆ ನಾನು ಕೂಲಿ ತೆಗೆದುಕೊಳ್ಳುವುದಿಲ್ಲ.

ಶಿಬಿರ ನಡೆಯುವ ಕೋಣೆಗೆ ಪರದೆ ಇಲ್ಲದಿದ್ದರೆ ಯಾವ ಹೆಂಗಸೂ ಸೆರಗು ಸರಿಸುವುದಿಲ್ಲ, ಸೊಂಟವನ್ನೂ ಅಳೆಸುವುದಿಲ್ಲ, ಎದೆಯನ್ನೂ ತೋರಿಸುವುದಿಲ್ಲ. ಇದಕ್ಕೆ ಅನುದಾನ, ಟೆಂಡರ್ ಅಂತ ವರ್ಷ ಕಳೆಯುವುದಾದರೆ ನಮ್ಮ ಹೋಬಳಿಯ ಮಟ್ಟಿಗೆ ಪರದೆಗಳನ್ನು ನಾನೇ ಹೊಲಿದುಕೊಡುತ್ತೇನೆ. ದಪ್ಪ ಬಟ್ಟೆ, ಬೆಳಕಿಗೆ ನೆರಳು ಕಾಣದಂಥದ್ದು. ಬಟ್ಟೆಯೂ ನನ್ನದೇ. ಕಿಟಕಿಗಳ ಅಳತೆ ಕಳಿಸಿ. ಅಂದಾಜಿನದು ಬೇಡ, ಟೇಪು ಹಿಡಿದು ಅಳೆದದ್ದು ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಹೋಬಳಿ ಊರಿನ ಒಬ್ಬ ಲೇಡೀಸ್ ಟೈಲರ್